ಮಂಚದ ಕೆಳಗಿನ ಪೆಟ್ಟಿಗೆ: ಟಿವಿ ಶಾಪಿಂಗ್ ಮತ್ತು ಕಟಪಾಡಿಯ ನಾಲ್ವರು ವೀಕ್ಷಕರು

ಪ್ರಕರಣ ಸಣ್ಣದು. 1,999 ರೂಪಾಯಿಯ ನಾನ್‌ಸ್ಟಿಕ್ ಸೆಟ್, ಅದರ ಮೇಲೆ 199 ಡೆಲಿವರಿ ಚಾರ್ಜು. ಟಿವಿ ಶಾಪಿಂಗ್ ಚಾನೆಲ್ ನೋಡಿ ತರಿಸಿದವರು ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ಒಬ್ಬ ಹೆಂಗಸು. ಇಲ್ಲಿ ಜಲಜಕ್ಕ ಅಂತ ಕರೆಯೋಣ. ಹೆಸರು ಬದಲಿಸಿದ್ದೇನೆ, ಮುಂದೆ ಬರುವವರದ್ದೂ ಅಷ್ಟೇ. ವಯಸ್ಸು ಅರವತ್ತು ದಾಟಿದೆ, ಗಂಡ ಇಲ್ಲ, ಮಗ ಸೊಸೆ ಬೆಂಗಳೂರಿನಲ್ಲಿ. ಮನೆ ಹಿಂದೆ ಮಲ್ಲಿಗೆ ಗಿಡಗಳಿವೆ. ಸಾಮಾನು ಮಾರಿದ ಚಾನೆಲ್‌ನ ಹೆಸರು ಹೇಳುವುದಿಲ್ಲ, ಅದು ಈ ಬರಹಕ್ಕೆ ಬೇಕಾಗಿಯೂ ಇಲ್ಲ.

ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಆಧಾರ್, ಪಹಣಿ, ಪಿಂಚಣಿ ಅರ್ಜಿಯ ಜೊತೆ ಆಗಾಗ ಇಂಥ ಕೇಸೂ ಬರುತ್ತದೆ. ಬಂದಾಗೆಲ್ಲ ಅಂಗಡಿಯಲ್ಲಿ ನಿಂತವರು ಹೇಳುವ ಮಾತು ಒಂದೇ: "ಟಿವಿಯಲ್ಲಿ ಅವಳು ಹೇಳಿದ್ದನ್ನು ನಂಬಿದ್ರು ಪಾಪ." ಜಲಜಕ್ಕನ ವಿಷಯದಲ್ಲಿ ಆ ಮಾತು ಹೊಂದುವುದಿಲ್ಲ. ಟಿವಿಯವಳ ಮಾತನ್ನು ಅವರು ಎಷ್ಟು ನಂಬಬೇಕೋ ಅಷ್ಟೇ ನಂಬಿದ್ದರು. ಹಣ ಕೈ ತಪ್ಪುವ ಹಂತಕ್ಕೆ ಬಂದದ್ದು ನಾಚಿಕೆಯಿಂದ. ಅದು ಹೇಗೆ ಅಂತ ಹೇಳಬೇಕಾದರೆ ಅವರು ಟಿವಿ ನೋಡುವ ಕ್ರಮದಿಂದ ಶುರು ಮಾಡಬೇಕು.

ಮಧ್ಯಾಹ್ನದ ಕೂಟ

ಮಲ್ಲಿಗೆ ಬೆಳಗ್ಗಿನ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರ ಕೈಗೆ ಕೊಟ್ಟರೆ ಆ ದಿನದ್ದು ಮುಗಿಯಿತು. ಊಟ ಆದ ಮೇಲೆ ಜಲಜಕ್ಕ ಟಿವಿ ಹಾಕುತ್ತಾರೆ. ಧಾರಾವಾಹಿಯ ಮರುಪ್ರಸಾರ ಸಾಕೆನಿಸಿದಾಗ ಚಾನೆಲ್ ಬದಲಿಸುತ್ತಾ ಹೋಗಿ ಶಾಪಿಂಗ್ ಚಾನೆಲ್‌ನಲ್ಲಿ ನಿಲ್ಲುತ್ತಾರೆ. ಪಕ್ಕದ ಮನೆಯ ಗುಲಾಬಿಯಕ್ಕ ಬೀಡಿಯ ತಡ್ಪೆ (ಮೊರ) ಹಿಡಿದುಕೊಂಡೇ ಬರುತ್ತಾರೆ, ಕೈ ಬೀಡಿ ಕಟ್ಟುತ್ತಿರುತ್ತದೆ, ಕಣ್ಣು ಟಿವಿಯಲ್ಲಿ. ಆಚೆ ಮನೆಯ ಲೂಸಿ ಬಾಯಿ ಬರುತ್ತಾರೆ. ನಿವೃತ್ತ ಮಾಸ್ಟ್ರು ಒಬ್ಬರು ಪೇಪರ್ ಓದುವ ನೆವದಲ್ಲಿ ಹೊರಗಿನ ಜಗಲಿಯಲ್ಲಿ ಕೂತು ಕಿಟಕಿಯಿಂದ ನೋಡುತ್ತಾರೆ. ಇವರ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಕಂಪ್ಲೇಂಟ್ ಬರೆಯಲಿಕ್ಕೆ ವಿವರ ಬೇಕು ಅಂತ ನಾನು ಎರಡು ಮೂರು ಮಧ್ಯಾಹ್ನ ಅಲ್ಲಿ ಹೋಗಿ ಕೂತಿದ್ದೆ. ನಾಲ್ವರೂ ನಿರೂಪಕರನ್ನು ಅಳೆಯುವ ಪರಿ ನೋಡಿ ಆಶ್ಚರ್ಯ ಆಯಿತು. ನಮ್ಮಲ್ಲಿ ಪೇಟೆಯ ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗೆ ಮಾರ್ಕು ಕೊಡುತ್ತಾರಲ್ಲ, ಅದೇ ನಿಷ್ಠುರ ಇಲ್ಲಿಯೂ.

ಕಿರುಚುವ ಗಂಡಸು ಒಬ್ಬ ಇದ್ದಾನೆ. ಎರಡು ಮಾತಿಗೊಮ್ಮೆ "ಕಾಲ್ ಮಾಡಿ, ಈಗಲೇ ಕಾಲ್ ಮಾಡಿ" ಅನ್ನುವವನು. ಅವನು ಬಂದ ತಕ್ಷಣ ಮ್ಯೂಟ್. "ಅವನಿಗೆ ಯಾರಾದ್ರೂ ಒಂದು ಗ್ಲಾಸ್ ನೀರು ಕೊಡಿ ಮಾರಾಯ್ರೆ" ಅಂತ ಲೂಸಿ ಬಾಯಿ. ಅವನು ಚಿನ್ನವನ್ನೇ ಬಿಟ್ಟಿ ಕೊಟ್ಟರೂ ಇವರು ಕೊಳ್ಳುವುದಿಲ್ಲ ಅಂತ ನನಗನ್ನಿಸಿತು. ಹಿಂದಿಯಿಂದ ಡಬ್ ಮಾಡಿದ ಕಾರ್ಯಕ್ರಮಗಳಿಗೂ ಬೆಲೆ ಇಲ್ಲ. ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿರುತ್ತದೆ, ಗುಲಾಬಿಯಕ್ಕ ಅದನ್ನು ನೋಡಿ ನಗಾಡುತ್ತಾರೆ, ಅಷ್ಟಕ್ಕೇ ಅದು ಉಪಯೋಗ.

ಅಡಿಗೆ ಸಾಮಾನು ಮಾರುವವರ ಮುಖವನ್ನು ಇವರು ನೋಡುವುದೇ ಇಲ್ಲ, ಕೈ ನೋಡುತ್ತಾರೆ. ಇದು ಲೂಸಿ ಬಾಯಿಯ ಶೋಧನೆ. "ಸಟ್ಟುಗ ಹಿಡಿದ ಕ್ರಮ ನೋಡಿ, ಅವಳು ಮನೆಯಲ್ಲಿ ದೋಸೆ ಎರೆದವಳಲ್ಲ. ಉಗುರು ಅಷ್ಟುದ್ದ ಬಿಟ್ಟು ತೆಂಗಿನಕಾಯಿ ಹೆರೆದು ತೋರಿಸ್ಲಿ." ಒಬ್ಬಳು ನಿರೂಪಕಿ ಈರುಳ್ಳಿ ಕತ್ತರಿಸುವ ಯಂತ್ರ ತೋರಿಸುವಾಗ ಮೊದಲೇ ಸಿಪ್ಪೆ ತೆಗೆದು ನಾಲ್ಕು ತುಂಡು ಮಾಡಿಟ್ಟ ಈರುಳ್ಳಿಯನ್ನು ಹಾಕಿದಳು. "ಅಷ್ಟು ಮಾಡಿದವಳಿಗೆ ಉಳಿದದ್ದು ಮಾಡ್ಲಿಕ್ಕೆ ಯಂತ್ರ ಯಾಕೆ?" ಅಂತ ಜಲಜಕ್ಕ ಕೇಳಿದರು. ಆ ಯಂತ್ರದ ಕಥೆ ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಮಾಸ್ಟ್ರದ್ದು ಬೇರೆ ವಾದ. ಎಲ್ಲ ಕಳ್ಳರು, ಸರ್ಕಾರ ಇವುಗಳನ್ನು ಬಂದ್ ಮಾಡಬೇಕು. ಹಾಗೆ ಹೇಳುವಾಗ ಗುಲಾಬಿಯಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮಾಸ್ಟ್ರ ಮನೆಯ ಎಮರ್ಜೆನ್ಸಿ ಲೈಟ್ ಎಲ್ಲಿಂದ ಬಂತು ಅಂತ ಕೇರಿಗೆಲ್ಲ ಗೊತ್ತು.

ಇವರಿಗೆಲ್ಲ ಒಬ್ಬಳು ನಿರೂಪಕಿ ಮಾತ್ರ ಇಷ್ಟ. ಹೆಸರು ಗೊತ್ತಿಲ್ಲ, "ನಮ್ಮವಳು" ಅಂತ ಕರೆಯುತ್ತಾರೆ. ಮಾತು ನಿಧಾನ. ಒಮ್ಮೆ ಕುಕ್ಕರಿನ ಮುಚ್ಚಳ ಕೈಯಿಂದ ಜಾರಿ ಬಿದ್ದಾಗ ತನ್ನಷ್ಟಕ್ಕೇ ನಕ್ಕು "ನನ್ನ ಅಮ್ಮ ನೋಡಿದ್ರೆ ಬೈತಾರೆ" ಅಂದಳಂತೆ. ಆ ಒಂದು ಮಾತಿಗೆ ಇವರು ಅವಳಿಗೆ ಸೋತರು. ಆಮೇಲೆ ಅವಳು ಬಸುರಿ ಆದಳು. ಸೀರೆಯ ನೆರಿಗೆಯಲ್ಲಿ ಎಷ್ಟು ಮುಚ್ಚಿದರೂ ಇವರಿಗೆ ಮುಚ್ಚಿಡಲಿಕ್ಕೆ ಆಗುತ್ತದಾ? ಎಷ್ಟು ತಿಂಗಳು, ಗಂಡೋ ಹೆಣ್ಣೋ, ತಾಯಿ ಮನೆ ಎಲ್ಲಿರಬಹುದು, ಇಷ್ಟು ಹೊತ್ತು ನಿಂತೇ ಇದ್ದರೆ ಕಾಲು ಬಾತುಕೊಳ್ಳುವುದಿಲ್ಲವೇ ಅಂತ ಎಲ್ಲ ಚರ್ಚೆ ಆಯಿತು.

ಮಜಾ ಇರುವುದು ಇಲ್ಲಿ. ಸೋಮವಾರ ಹೊಟ್ಟೆ ದೊಡ್ಡದಿತ್ತು. ಮಂಗಳವಾರ ಹೊಟ್ಟೆಯೇ ಇಲ್ಲ. ಬುಧವಾರ ಮತ್ತೆ ಉಂಟು. ಅದೇ ಮಾತು, "ಸ್ಟಾಕ್ ಈಗ ಮುಗೀತಾ ಬಂತು, ಲೈನ್ ಬಿಜಿ ಇದೆ." ಮೊದಲು ಹಿಡಿದದ್ದು ಗುಲಾಬಿಯಕ್ಕ: "ಇದು ಯಾವಾಗಲೋ ತೆಗೆದದ್ದು ಹಾಕ್ತಾರೆ. ಮುಗಿದು ಹೋದ ಸ್ಟಾಕ್ ಇವತ್ತು ಹೇಗೆ ಮುಗೀತಾ ಬರುದು?" ಎಸ್ಸೆಸ್ಸೆಲ್ಸಿ ಮುಗಿಸದ ಬೀಡಿ ಕಟ್ಟುವ ಹೆಂಗಸು ಒಂದು ಬಸುರಿನ ಲೆಕ್ಕದ ಮೇಲೆ ಹಿಡಿದ ಅದೇ ವಿಷಯದ ಬಗ್ಗೆ ದೆಹಲಿಯಲ್ಲಿ ಆದೇಶವೇ ಬಂದಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಫೆಬ್ರವರಿಯಲ್ಲಿ ನಾಪ್‌ಟೋಲ್ ಎಂಬ ಟಿವಿ ಶಾಪಿಂಗ್ ಕಂಪನಿಗೆ 10 ಲಕ್ಷ ರೂಪಾಯಿ ದಂಡ ಹಾಕಿತು. ಚಿನ್ನದ ಆಭರಣದ ಸೆಟ್, ಮಂಡಿಗೆ ಹಾಕುವ ಅಯಸ್ಕಾಂತದ ಪಟ್ಟಿ, ಅಕ್ಯುಪ್ರೆಶರ್ ಚಪ್ಪಲಿ, ಇವುಗಳ ಜಾಹೀರಾತು ದಾರಿ ತಪ್ಪಿಸುವಂಥದ್ದು ಅಂತ. ಅದೇ ಆದೇಶದಲ್ಲಿ ಇನ್ನೆರಡು ಮಾತು ಇದ್ದವು. ಇವತ್ತು ಮಾತ್ರ ಸಿಗುತ್ತದೆ ಅಂತ ಇಲ್ಲದ ಅಭಾವ ಹುಟ್ಟಿಸಬಾರದು. ಮೊದಲೇ ರೆಕಾರ್ಡ್ ಮಾಡಿದ ಕಾರ್ಯಕ್ರಮ ಆದರೆ ಹಾಗೆಂದು ಪರದೆಯ ಮೇಲೆ ಸ್ಪಷ್ಟವಾಗಿ ತೋರಿಸಬೇಕು, ಅದರಲ್ಲಿ ಹೇಳುವ ಸ್ಟಾಕ್ ಈ ಕ್ಷಣದ್ದಲ್ಲ ಅಂತಲೂ ತಿಳಿಸಬೇಕು. (ಜಲಜಕ್ಕನ ಪ್ರಕರಣಕ್ಕೂ ಆ ಕಂಪನಿಗೂ ನಂಟು ಕಟ್ಟಬೇಡಿ. ಕಾನೂನು ಎಲ್ಲಿ ನಿಂತಿದೆ ಅಂತ ತೋರಿಸಲಿಕ್ಕೆ ಹೇಳಿದೆ ಅಷ್ಟೇ.)

ಹಾಗಾದರೆ ಇದೆಲ್ಲ ಗೊತ್ತಿದ್ದೂ ಯಾಕೆ ನೋಡುವುದು? ಕೇಳಿದೆ. "ಸುಮ್ನೆ, ಅವಳು ನಮ್ಮ ಹತ್ರ ಮಾತಾಡಿದ ಹಾಗೆ ಆಗ್ತದೆ" ಅಂದರು ಜಲಜಕ್ಕ. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಇದೇ ವಿಷಯ ಬರೆದಿದ್ದರು. ಟಿವಿಯಲ್ಲಿ ನೇರ ಕಣ್ಣಿಟ್ಟು ಮಾತಾಡುವವರ ಜೊತೆ ನೋಡುವವರಿಗೆ ಸ್ನೇಹ ಬೆಳೆಯುತ್ತದೆ, ಅದು ಒಂದೇ ಕಡೆಯ ಸ್ನೇಹ, ಆ ಕಡೆಯವರಿಗೆ ಇವರು ಇರುವುದೇ ಗೊತ್ತಿಲ್ಲ ಅಂತ. ಆದರೆ ಕಟಪಾಡಿಯ ಈ ಕೂಟದಲ್ಲಿ ನಾನು ಕಂಡದ್ದರಲ್ಲಿ ಇನ್ನೊಂದು ಎಳೆ ಉಂಟು. ನಾಲ್ವರೂ ಟಿವಿಯ ಜೊತೆ ಮಾತಾಡುವುದಕ್ಕಿಂತ ಟಿವಿಯನ್ನು ಇಟ್ಟುಕೊಂಡು ತಮ್ಮ ತಮ್ಮಲ್ಲಿ ಮಾತಾಡುವುದೇ ಜಾಸ್ತಿ. ಮಗ ಸೊಸೆ ಇಲ್ಲದ ಮನೆಯಲ್ಲಿ ಮಧ್ಯಾಹ್ನಕ್ಕೆ ಜನ ಸೇರಲು ಒಂದು ನೆವ ಬೇಕಲ್ಲ.

ಈ ವ್ಯಾಪಾರ ಶುರುವಾದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1977ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಸಣ್ಣ ರೇಡಿಯೋ ಸ್ಟೇಷನ್‌ಗೆ ಜಾಹೀರಾತುದಾರನೊಬ್ಬ ದುಡ್ಡು ಕೊಡಲಾಗದೆ ಡಬ್ಬಿ ತೆರೆಯುವ 112 ಓಪನರ್ ಕೊಟ್ಟ. ಬಾಬ್ ಸರ್ಕೋಸ್ಟಾ ಎಂಬ ನಿರೂಪಕ ಅವುಗಳನ್ನು ಮೈಕಿನಲ್ಲೇ ಮಾರಿದ, ಎಲ್ಲ ಖಾಲಿ. ಅಲ್ಲಿಂದ ಬೆಳೆದದ್ದು ಹೋಮ್ ಶಾಪಿಂಗ್ ನೆಟ್‌ವರ್ಕ್ ಎಂಬ ಟಿವಿ ಚಾನೆಲ್. 1986ರಲ್ಲಿ ಅಲ್ಲಿಯೇ ಕ್ಯೂವಿಸಿ ಎಂಬ ಇನ್ನೊಂದು ಶಾಪಿಂಗ್ ಚಾನೆಲ್ ಬಂತು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಹೊಟ್ಟೆ ಕರಗಿಸುವ ಯಂತ್ರದ ಡಬ್ ಮಾಡಿದ ಜಾಹೀರಾತುಗಳು ಅರ್ಧ ಅರ್ಧ ಗಂಟೆ ಬರುತ್ತಿದ್ದದ್ದು ನೆನಪಿರಬಹುದು. ದಿನವಿಡೀ ಮಾರುವ ಚಾನೆಲ್ ಆಗಿ ಹೋಮ್‌ಶಾಪ್18 ಬಂದದ್ದು 2008ರಲ್ಲಿ. ಈಗ ಗುಲಾಬಿಯಕ್ಕನ ಮಗಳು ಮೊಬೈಲಿನಲ್ಲಿ ಸೀರೆಯ ಲೈವ್ ನೋಡುತ್ತಾಳೆ, ಅಲ್ಲಿಯೂ ಒಬ್ಬಳು ನಿಂತು "ಲಾಸ್ಟ್ ಪೀಸ್ ಅಕ್ಕ" ಅನ್ನುತ್ತಾಳೆ. ಓಪನರ್ ಹೋಗಿ ಸೀರೆ ಬಂತು, ಮಾತು ಅದೇ.

ಇವತ್ತಿನ ರೇಟು

ಇಷ್ಟು ಚುರುಕಾದ ಜಲಜಕ್ಕ ಆರ್ಡರ್ ಮಾಡಿದ್ದು ಯಾಕೆ?

ನನಗೆ ತೋಚಿದ ಉತ್ತರ ಅವರ ಹಿತ್ತಲಿನಲ್ಲಿದೆ. ಕಟಪಾಡಿ ಹತ್ತಿರದ ಶಂಕರಪುರದ ಹೆಸರಿನ ನಮ್ಮ ಮಲ್ಲಿಗೆಯ ಲೆಕ್ಕ ಗೊತ್ತಿಲ್ಲದವರಿಗೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಎಷ್ಟು ಅಂತ ಶಂಕರಪುರದಲ್ಲಿ ದಿನಾ ನಿಗದಿ ಆಗುತ್ತದೆ. ಮದುವೆ, ಕೋಲ, ಹಬ್ಬ ಒಟ್ಟಿಗೆ ಬಂದು ಹೂ ಕಡಿಮೆ ಇದ್ದರೆ 2,000 ದಾಟಿದ ದಿನಗಳೂ ಉಂಟು. ಶುಭಕಾರ್ಯ ಇಲ್ಲದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಕೇಳುವವರಿಲ್ಲ. ನಿನ್ನೆಯ ರೇಟು ಇವತ್ತು ಯಾರೂ ಕೊಡುವುದಿಲ್ಲ, ನಾಳೆಯದ್ದು ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷ ಹೀಗೆ ಬದುಕಿದವರಿಗೆ "ಈ ರೇಟು ಇವತ್ತಿಗೆ ಮಾತ್ರ" ಅನ್ನುವುದು ಸುಳ್ಳಿನ ಹಾಗೆ ಕೇಳುವುದೇ ಇಲ್ಲ, ಅದು ಅವರ ದಿನನಿತ್ಯದ ಸತ್ಯ. ಸ್ಟಾಕ್ ಮುಗಿಯಿತು ಅನ್ನುವುದನ್ನು ಅವರು ನಂಬಲಿಲ್ಲ, ಬಸುರಿನ ಲೆಕ್ಕ ಇತ್ತಲ್ಲ. ರೇಟನ್ನು ನಂಬಿದರು. ಪೇಟೆಯಲ್ಲಿ ಸಂಬಳಕ್ಕೆ ಇರುವ ನಮಗೆ ಈ ವ್ಯತ್ಯಾಸ ಸುಲಭಕ್ಕೆ ಹೊಳೆಯುವುದಿಲ್ಲ.

ಇನ್ನೊಂದು ಕಾರಣ ಸರಳ. "ನಮ್ಮವಳು" ಆ ದಿನ ಎಣ್ಣೆ ಹಾಕದೆ ದೋಸೆ ಎರೆದಳು, ದೋಸೆ ಬಾಣಲೆಯಲ್ಲಿ ಜಾರಿ ತಟ್ಟೆಗೆ ಬಿತ್ತು. ಜಲಜಕ್ಕನ ಕಬ್ಬಿಣದ ಕಾವಲಿ ಭಾರ, ಮೊಣಕೈ ನೋವಿದ್ದವರಿಗೆ ಎತ್ತಲಿಕ್ಕೆ ಕಷ್ಟ. ಹಗುರದ್ದು ಒಂದಿದ್ದರೆ ಒಳ್ಳೆಯದು ಅಂತ ಮೊದಲೇ ಮನಸ್ಸಿತ್ತು. ಅದೂ ಏಪ್ರಿಲ್, ಹೂವಿನ ದುಡ್ಡು ಕೈಯಲ್ಲಿತ್ತು. ಪರದೆಯ ಮೇಲಿನ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರು, ಐದು ನಿಮಿಷದಲ್ಲಿ ವಾಪಸ್ ಫೋನು ಬಂತು. ಆ ಹುಡುಗ ವಿಳಾಸ ಬರೆದುಕೊಂಡ, ಜೊತೆಗೆ ಒಂದು ಮಿಕ್ಸಿಯನ್ನೂ ಮಾರಲು ನೋಡಿದ, ಇವರು ಬೇಡ ಅಂದರು. ವಾಪಸ್ ಮಾಡುವುದಾದರೆ ಏಳು ದಿನ ಅಂತ ಬಾಯಲ್ಲಿ ಹೇಳಿದ. ಈ "ಬಾಯಲ್ಲಿ" ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಮಂಚದ ಕೆಳಗೆ

ಪೆಟ್ಟಿಗೆ ಬಂದದ್ದು ಮೇ ತಿಂಗಳ ಮೊದಲ ವಾರ. ಡೆಲಿವರಿ ಹುಡುಗ ಮೊದಲು ಹಣ ಅಂದ, ತೆರೆದು ನೋಡಲಿಕ್ಕೆ ಬಿಡಲಿಲ್ಲ. ಮಾರನೇ ದಿನ ಬೆಂಗಳೂರಿನಿಂದ ಮಗ, ಸೊಸೆ, ಮೊಮ್ಮಕ್ಕಳು ರಜೆಗೆ ಬರುವವರಿದ್ದರು. ಜಲಜಕ್ಕ ಪೆಟ್ಟಿಗೆಯನ್ನು ಹಾಗೆಯೇ ಮಂಚದ ಕೆಳಗೆ ನೂಕಿ ಮುಂದೆ ಹಳೆ ಚಾಪೆ ಅಡ್ಡ ಇಟ್ಟರು.

ಮಗ ಕೆಟ್ಟವನಲ್ಲ. ಎರಡು ವರ್ಷ ಹಿಂದೆ ಇವರು ಒಂದು ಮಸಾಜ್ ಮಾಡುವ ಯಂತ್ರ ತರಿಸಿದ್ದಾಗ, ಅದು ಒಂದು ವಾರದಲ್ಲಿ ನಿಂತಾಗ, ಅವನು ಊಟಕ್ಕೆ ಕೂತಲ್ಲಿ ಎಲ್ಲರೆದುರು "ಅಮ್ಮನಿಗೆ ಟಿವಿಯವರು ಸಿಕ್ಕಿದ್ರೆ ಮನೆಯನ್ನೂ ಬರೆದು ಕೊಡ್ತಾರೆ" ಅಂತ ತಮಾಷೆ ಮಾಡಿದ್ದ. ಎಲ್ಲರೂ ನಕ್ಕಿದ್ದರು. ಜಲಜಕ್ಕನೂ ನಕ್ಕಿದ್ದರು. ಅಷ್ಟೇ ನಡೆದದ್ದು. ಆದರೆ ಆಮೇಲೆ ಅವರು ಏನು ತರಿಸಿದರೂ ಮನೆಯಲ್ಲಿ ಹೇಳುವುದನ್ನು ಬಿಟ್ಟರು.

ಶಾಲೆ ಶುರುವಾಗುತ್ತದೆ ಅಂತ ಮಕ್ಕಳು ಮೇ ಕೊನೆಗೆ ಹೊರಟರು. ಆ ಸಂಜೆಯೇ ಪೆಟ್ಟಿಗೆ ಹೊರಗೆ ಬಂತು. ಬಾಣಲೆ, ಕಡಾಯಿ, ತವಾ, ಒಂದು ಗಾಜಿನ ಮುಚ್ಚಳ. ಮರುದಿನ ಬೆಳಗ್ಗೆ ನೀರುದೋಸೆ. ನೀರುದೋಸೆಗೆ ಕಾವಲಿ ಚೆನ್ನಾಗಿ ಕಾಯಬೇಕು, ಹಿಟ್ಟು ಸುರಿದಾಗ ಚೊಂಯ್ ಅಂತ ಸದ್ದು ಬಂದು ತೂತು ಬೀಳಬೇಕು. ಈ ತವಾ ದೊಡ್ಡ ಉರಿಯಲ್ಲಿ ನಡುವೆ ಮೇಲಕ್ಕೆ ಉಬ್ಬಿತು. ಹಿಟ್ಟು ಅಂಚಿಗೆ ಹರಿದು ಸುತ್ತ ದಪ್ಪ, ನಡುವೆ ಹಪ್ಪಳ. ಎಬ್ಬಿಸಲಿಕ್ಕೆ ಹೋದರೆ ಹರಿಯಿತು. ಮೂರನೇ ದೋಸೆಗೆ ಹಿಡಿಯ ಸ್ಕ್ರೂ ಸಡಿಲಾಗಿ ತವಾ ಗಿರಕಿ ಹೊಡೆಯಿತು, ಬೆರಳು ಸುಟ್ಟಿತು. ಇದರಲ್ಲಿ ಒಂದು ಭಾಗ ತವಾದ ತಪ್ಪಲ್ಲ. ನಾನ್‌ಸ್ಟಿಕ್ ಯಾವುದೇ ಇರಲಿ, ಅಷ್ಟು ಉರಿ ಅದಕ್ಕೆ ಆಗುವುದಿಲ್ಲ, ನೀರುದೋಸೆಗೆ ಅದು ಹೇಳಿದ್ದೂ ಅಲ್ಲ. ಟಿವಿಯಲ್ಲಿ ತೋರಿಸಿದ್ದು ಉದ್ದಿನ ದೋಸೆ. ಆ ಮಾತನ್ನು ನಾನು ಜಲಜಕ್ಕನಿಗೂ ಹೇಳಿದೆ, ಅವರು ಒಪ್ಪಲಿಲ್ಲ.

ಬ್ಯಾಗಿನಲ್ಲಿ ತವಾ ಹಾಕಿಕೊಂಡು ನನ್ನ ಅಂಗಡಿಗೆ ಬಂದವರು ಮೊದಲು ಹೇಳಿದ ಮಾತು: "ಮಗಾ, ಹಣ ಬರದಿದ್ರೂ ತೊಂದರೆ ಇಲ್ಲ, ನಮ್ಮ ಹುಡುಗನಿಗೆ ಗೊತ್ತಾಗಬಾರದು."

ಅಯಸ್ಕಾಂತ

ಕಂಪನಿಗೆ ಫೋನ್ ಮಾಡಿದರೆ ಉತ್ತರ ಸಿದ್ಧ ಇತ್ತು: ಏಳು ದಿನ ಆಯಿತು, ಏನೂ ಮಾಡಲಾಗುವುದಿಲ್ಲ. ಬಿಲ್ ತೆಗೆದು ನೋಡಿದೆ. ಅದರಲ್ಲಿ ಏಳು ದಿನ ಅಂತ ಎಲ್ಲಿಯೂ ಇಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ ಒಂದು ಒಳ್ಳೆಯ ಮಾತು ಉಂಟು. ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ, ಬಿಲ್ಲಿನಲ್ಲಿ ಅವಧಿ ಹೇಳದೇ ಇದ್ದರೆ 30 ದಿನ. ಪೆಟ್ಟಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

ದೋಷ ಅಂತ ತೋರಿಸಬೇಕಲ್ಲ. ದೋಸೆ ಹರಿಯಿತು ಅಂದರೆ "ನಿಮಗೆ ಎರೆಯಲಿಕ್ಕೆ ಬರುವುದಿಲ್ಲ" ಅಂತಾರೆ. ಪೆಟ್ಟಿಗೆಯ ಮೇಲೆ ಇಂಡಕ್ಷನ್ ಒಲೆಗೂ ಆಗುತ್ತದೆ ಅಂತ ದೊಡ್ಡದಾಗಿ ಬರೆದಿತ್ತು, ಟಿವಿಯಲ್ಲಿಯೂ ಹೇಳಿದ್ದರಂತೆ. ಜಲಜಕ್ಕನ ಹತ್ತಿರ ಇಂಡಕ್ಷನ್ ಒಲೆ ಇಲ್ಲ, ಅದು ಅವರಿಗೆ ಬೇಕಾಗಿಯೂ ಇಲ್ಲ. ಆದರೆ ಇಂಡಕ್ಷನ್‌ಗೆ ಆಗುವ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಅವರ ಫ್ರಿಜ್ಜಿನ ಬಾಗಿಲಿನಿಂದ ಧರ್ಮಸ್ಥಳದ ಮಂಜುನಾಥನ ಚಿತ್ರ ಇರುವ ಅಯಸ್ಕಾಂತ ತಂದು ತಳಕ್ಕೆ ಹಚ್ಚಿದೆವು. ಕೆಳಗೆ ಬಿತ್ತು. ಇನ್ನೊಮ್ಮೆ ಹಚ್ಚಿದೆವು, ಬಿತ್ತು. ಕಡಾಯಿಗೂ ಬಾಣಲೆಗೂ ಅದೇ. ಗುಲಾಬಿಯಕ್ಕನ ಮಗಳು ಮೊಬೈಲಿನಲ್ಲಿ ಪೂರ್ತಿ ವಿಡಿಯೋ ತೆಗೆದಳು, ಪೆಟ್ಟಿಗೆಯ ಮೇಲಿನ ಬರಹ ಮತ್ತು ಬಿಲ್ ನಂಬರು ಅದೇ ವಿಡಿಯೋದಲ್ಲಿ ಕಾಣುವ ಹಾಗೆ. ಈ ಕೇಸಿನಲ್ಲಿ ಯಾರಾದರೂ ಬುದ್ಧಿವಂತಿಕೆ ಮಾಡಿದ್ದಿದ್ದರೆ ಆ ಹುಡುಗಿ.

1915ಕ್ಕೆ ಫೋನ್ ಮಾಡಿದೆವು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡಬಹುದು. ದೂರಿನ ನಂಬರು ಕೊಟ್ಟರು. ಕಂಪನಿ ಅಲ್ಲಿಯೂ ಏಳು ದಿನದ ಕಥೆ ಹೇಳಿ ದೂರು ಮುಗಿಸಲು ನೋಡಿತು. ಆಗ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆವು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಅಧಿಕಾರಿ ಇರಲೇಬೇಕು, 48 ಗಂಟೆಯಲ್ಲಿ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಮುಗಿಸಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಸಾಮಾನಿನಲ್ಲಿ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಅನ್ನುವ ಹಾಗಿಲ್ಲ. ಇಮೇಲ್‌ನಲ್ಲಿ ದೋಸೆಯ ವಿಷಯ ಒಂದು ಸಾಲೂ ಬರೆಯಲಿಲ್ಲ. ಬರೀ ಬಿಲ್ಲು, ಪೆಟ್ಟಿಗೆಯ ಫೋಟೋ, ಅಯಸ್ಕಾಂತದ ವಿಡಿಯೋ.

ಮೊದಲು 500 ರೂಪಾಯಿಯ ಕೂಪನ್ ಕೊಡುತ್ತೇವೆ ಅಂದರು. ಜಲಜಕ್ಕ "ಅದರಲ್ಲಿ ಇನ್ನೊಂದು ತವಾ ತೆಗೆದುಕೊಳ್ಳುದಾ?" ಅಂತ ಕೇಳಿದರು. ಬೇಡ ಅಂತ ಬರೆದೆವು. ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಅಂತಲೂ ಸೇರಿಸಿದೆವು. ಗ್ರಾಹಕ ಇರುವ ಊರಿನಲ್ಲೇ ಕೇಸ್ ಹಾಕಬಹುದು, 5 ಲಕ್ಷದವರೆಗಿನದ್ದಕ್ಕೆ ಶುಲ್ಕ ಇಲ್ಲ. ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. ಡಾ. ರವೀಂದ್ರನಾಥ ಶಾನುಭಾಗರು ಬಸ್ರೂರಿನಿಂದ ಬಳಕೆದಾರರ ಚಳವಳಿ ಕಟ್ಟಿದ ನೆಲ ಇದು. ಆದರೆ ಒಳಗಿನ ವಿಷಯ ಹೇಳಬೇಕೆಂದರೆ, ಜಲಜಕ್ಕ ಆಯೋಗಕ್ಕೆ ಹೋಗಲು ತಯಾರಿರಲಿಲ್ಲ. ಹಣದ ಚಿಂತೆಯಲ್ಲ. ಮನೆಗೆ ನೋಟಿಸ್ ಕಾಗದ ಬಂದರೆ ಯಾರಾದರೂ ಮಗನಿಗೆ ಹೇಳಿಬಿಡುತ್ತಾರೆ ಅಂತ.

ಈ ನಡುವೆ ಲೂಸಿ ಬಾಯಿಗೆ ಅಂಚೆಯಲ್ಲಿ ಒಂದು ಕಾಗದ ಬಂತು, ಕೆರೆದು ನೋಡುವ ಕಾರ್ಡಿನ ಜೊತೆ. ನಿಮಗೆ ಕಾರು ಬಂದಿದೆ, ತೆರಿಗೆ ಕಟ್ಟಿ ಅಂತ. ಅವರೂ ಒಮ್ಮೆ ಅದೇ ರೀತಿ ಏನೋ ತರಿಸಿದ್ದವರು. ಇದು ಶಾಪಿಂಗ್ ಕಂಪನಿಗಳ ಹೆಸರು ಹಾಕಿಕೊಂಡು ಬೇರೆಯವರು ಮಾಡುವ ಹಳೇ ವಂಚನೆ. ಹಣ ಕಟ್ಟಬೇಡಿ. ಕಟ್ಟಿ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಲೂಸಿ ಬಾಯಿ ಆ ಕಾರ್ಡನ್ನು ಒಲೆಗೆ ಹಾಕಿದ್ದರು, ಆಮೇಲೆ ನನಗೆ ಹೇಳಿದ್ದು.

ಅವಳದ್ದು ಸಂಬಳದ ಕೆಲಸ

"ನಮ್ಮವಳ" ಬಗ್ಗೆ ಜಲಜಕ್ಕನಿಗೆ ಸಿಟ್ಟಿಲ್ಲ. "ಅವಳೆಂತ ಮಾಡ್ತಾಳೆ, ಕೊಟ್ಟದ್ದನ್ನು ಹೇಳ್ತಾಳೆ, ಸಂಬಳದ ಕೆಲಸ. ಚಿಕ್ಕ ಮಗು ಬೇರೆ ಉಂಟು." ಗುಲಾಬಿಯಕ್ಕನಿಗೆ ಸಿಟ್ಟುಂಟು: "ಎಣ್ಣೆ ಇಲ್ಲದೆ ಏಳ್ತದೆ ಅಂತ ಅವಳ ಬಾಯಲ್ಲೇ ಹೇಳಿದ್ದಲ್ವಾ?" ನಾನು ಗುಲಾಬಿಯಕ್ಕನ ಪಕ್ಷ, ಆದರೆ ಅರ್ಧ. 2019ರ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಹೆಸರು ಕೊಟ್ಟು ಶಿಫಾರಸು ಮಾಡಿದವರಿಗೂ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷ, ಇಷ್ಟು ಸಮಯ ಜಾಹೀರಾತು ಮಾಡಬಾರದು ಅಂತಲೂ ಹೇಳಬಹುದು. ಹೇಳುವ ಮಾತು ನಿಜವೋ ಅಂತ ತಾನು ಸರಿಯಾಗಿ ವಿಚಾರಿಸಿದ್ದೆ ಅಂತ ತೋರಿಸಿದರೆ ಬಿಡುಗಡೆ. ಕೋಟಿ ತೆಗೆದುಕೊಳ್ಳುವ ಸಿನಿಮಾದವರಿಗೆ ಇದು ಸರಿ. ದಿನಕ್ಕೆ ಹತ್ತು ಸಾಮಾನು ಕೈಗೆ ಕೊಟ್ಟು ಕ್ಯಾಮೆರಾ ಮುಂದೆ ನಿಲ್ಲಿಸುವ ಸಂಬಳದ ಹುಡುಗಿಯನ್ನು ಅದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ. ಆದರೆ "ನಾನೂ ಮನೆಯಲ್ಲಿ ಇದನ್ನೇ ಬಳಸುವುದು" ಅಂತ ಸುಳ್ಳು ಹೇಳುವುದು ಬೇರೆ. ಅಷ್ಟನ್ನಾದರೂ ಅವಳು ಬಿಡಬಹುದು. ಸಾಮಾನು ತೋರಿಸಲಿ, ತನ್ನ ಅಮ್ಮನ ಹೆಸರು ತರುವುದು ಬೇಡ.

ಹಣ ಜುಲೈಯಲ್ಲಿ ಬಂತು. 1,999 ಪೂರ್ತಿ, ಡೆಲಿವರಿ ಚಾರ್ಜು ಕೊಡಲಿಲ್ಲ. ನಗದು ಕೊಟ್ಟು ಬಿಡಿಸಿಕೊಂಡದ್ದಾದ್ದರಿಂದ ಬ್ಯಾಂಕ್ ಖಾತೆಗೇ ಹಾಕಬೇಕಿತ್ತು, ಪಾಸ್‌ಬುಕ್ಕಿನ ನಂಬರು ಕಳಿಸಿದ್ದೆವು. ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಮಗನದ್ದು ಅಂತ ಯಾರಿಗೂ ನೆನಪಾಗಲಿಲ್ಲ. ಮೆಸೇಜ್ ಹೋದದ್ದು ಬೆಂಗಳೂರಿಗೆ. ಅರ್ಧ ಗಂಟೆಯಲ್ಲಿ ಅವನ ಫೋನು: "ಅಮ್ಮ, ಎಂತ ಹಣ ಇದು?"

ಜಲಜಕ್ಕ ಮೊದಲು ಹೂವಿನದ್ದು ಅಂದರಂತೆ. ಆಟಿಯಲ್ಲಿ ಎಂತ ಹೂವಿನ ಹಣ ಅಂತ ಅವನು ಕೇಳಿದ. ಆಮೇಲೆ ಎಲ್ಲ ಹೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಂಪನಿಯಿಂದ ಹಣ ವಾಪಸ್ ತೆಗೆಸಿದ್ದು ಹೇಗೆ ಅಂತ ಕೇಳಿದನಂತೆ, ಅವನದ್ದೇ ಒಂದು ಆನ್‌ಲೈನ್ ಶೂ ವಾಪಸ್ ಆಗದೆ ಬಿದ್ದಿದೆಯಂತೆ. ಬಂದ ಇಮೇಲು ಬಿಲ್ಲು ಎಲ್ಲ ತೆಗೆದಿಡು ಅಂದ. ಈ ಭಾಗವನ್ನು ಜಲಜಕ್ಕ ನನಗೆ ಎರಡು ಸಲ ಹೇಳಿದ್ದಾರೆ.

ವಿಷಯ ಕೇರಿಯಲ್ಲಿ ಹರಡಿತು, ಮಗನಿಗೇ ಗೊತ್ತಾದ ಮೇಲೆ ಯಾರಿಗೆ ಮುಚ್ಚಿಡುವುದು. ಅದೇ ವಾರ ಗುಲಾಬಿಯಕ್ಕ ಕಪಾಟಿನಿಂದ ಒಂದು ಗ್ರಾಂ ಚಿನ್ನದ ಸೆಟ್ ತೆಗೆದು ತೋರಿಸಿದರು, ಮಗಳಿಗೂ ಗೊತ್ತಿರಲಿಲ್ಲ. ವಾಪಸ್ ಮಾಡಲಿಕ್ಕಲ್ಲ, ಚಂದ ಉಂಟು ಅಂತ. ಇನ್ನು ಮಾಸ್ಟ್ರು. ಅವರು ಅಂಗಡಿ ಮುಚ್ಚುವ ಹೊತ್ತಿಗೆ ಬಂದು, ಯಾರೂ ಇಲ್ಲ ಅಂತ ನೋಡಿಕೊಂಡು, ಮಂಡಿಗೆ ಕಟ್ಟುವ ಬೆಲ್ಟಿನ ಪೆಟ್ಟಿಗೆ ಮೇಜಿನ ಮೇಲಿಟ್ಟರು. ಟೇಪ್ ಕೂಡ ಕಿತ್ತಿರಲಿಲ್ಲ. ಬಿಲ್ಲಿನಲ್ಲಿ ಅವಧಿ ಹತ್ತು ದಿನ ಅಂತ ಸ್ಪಷ್ಟವಾಗಿ ಬರೆದಿತ್ತು, ಎಂಟು ಕಳೆದಿತ್ತು. ವಾಪಸಾತಿಯ ಅರ್ಜಿ ಆಗಲೇ ಹಾಕಿದೆವು.